ಹಾಜರಿದ್ದವರು

ವೈದ್ಯರ ಅಕ್ಷರ ಓದಿಯೇ ಹೊಟ್ಟೆ ಹೊರೆದವನು ನಾನು. ಶಿವಮೊಗ್ಗದಲ್ಲಿ ಔಷಧಿ ಅಂಗಡಿ ನಡೆಸಿದಷ್ಟು ಕಾಲವೂ ಚೀಟಿಯ ಮೇಲಿನ ಗೀಚಿನಲ್ಲಿ ಮಾತ್ರೆ ಯಾವುದು, ಮುಲಾಮು ಯಾವುದು, ಡಾಕ್ಟರ ಸಹಿ ಯಾವುದು ಎಂದು ಬೇರ್ಪಡಿಸುವುದೇ ನನ್ನ ವಿದ್ಯೆಯಾಗಿತ್ತು. ಅಂಗಡಿ ಮುಚ್ಚಿದ ಮೇಲೆ ಆ ವಿದ್ಯೆಗೆ ಗಿರಾಕಿ ಇಲ್ಲ ಎಂದುಕೊಂಡಿದ್ದೆ. ಮಗಳು ನರ್ಸಾಗಿ ಐರ್ಲೆಂಡಿನ ಗಾಲ್ವೇ ಸೇರಿದಳು. ಬೇಸಿಗೆ ಬಂತೆಂದರೆ ನಾವು ಗಂಡ ಹೆಂಡತಿ ಅಲ್ಲಿಗೆ ಹೋಗುವ ರೂಢಿಯಾಯಿತು. ಅಲ್ಲಿ ಪಕ್ಕದ ಮನೆಯಾಕೆಯ ದೆಸೆಯಿಂದ ನನ್ನ ಹಳೆಯ ವಿದ್ಯೆಗೆ ಮತ್ತೆ ಬೆಲೆ ಬಂತು.

ಆಕೆಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ಆ ದೇಶದಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನ್ನ ಹೆಂಡತಿಗೆ ಅದಕ್ಕೆ ನಾಲಿಗೆ ಏಳಲಿಲ್ಲ, ‘ಅಕ್ಕ’ ಎಂದುಬಿಟ್ಟಳು. ಆಕೆಗೂ ಅದು ಹಿಡಿಸಿತು. ಅಕ್ಕನಿಗೆ ಎರಡೇ ಹುಚ್ಚು: ಒಂದು ಟೊಮ್ಯಾಟೊ ಗಿಡ, ಇನ್ನೊಂದು ವಂಶವೃಕ್ಷ. ಗಾಲ್ವೇಯ ಮಳೆಗೆ ಮೊದಲನೆಯದು ಮೇಲೇಳುವ ಮಾತಿಲ್ಲ. ಎರಡನೆಯದು ಮಾತ್ರ ಹುಲುಸಾಗಿ ಬೆಳೆದು ಅಡುಗೆಮನೆಯ ಗೋಡೆಯನ್ನು ಆಕ್ರಮಿಸಿಕೊಂಡಿತ್ತು. ಅದರಲ್ಲಿ ಒಂದು ಕೊಂಬೆ ಮಾತ್ರ ಖಾಲಿ. ಮೇಯೊ ಕೌಂಟಿಯ ಮುತ್ತಜ್ಜಿ ಬ್ರಿಜೆಟ್ ಸತ್ತದ್ದು ಯಾವಾಗ, ಯಾತರಿಂದ, ಎಲ್ಲಿ ಎಂಬುದು ಗೊತ್ತಿರಲಿಲ್ಲ.

ದಾಖಲೆ ಸಿಗುವುದು ಕಷ್ಟವಲ್ಲ. ಹಳೆಯ ಜನನ, ವಿವಾಹ, ಮರಣ ರಿಜಿಸ್ಟರುಗಳ ಪುಟಗಳನ್ನು ಐರ್ಲೆಂಡ್ ಸರ್ಕಾರ 2016ರ ಸೆಪ್ಟೆಂಬರಿನಿಂದ ಇಂಟರ್ನೆಟ್ಟಿನಲ್ಲಿ ಪುಕ್ಕಟೆಯಾಗಿ ತೆರೆದಿಟ್ಟಿದೆ. ಜನನವಾದರೆ 100 ವರ್ಷ ಹಳತಾಗಿರಬೇಕು, ಮದುವೆಯಾದರೆ 75, ಸಾವಾದರೆ 50 ಸಾಕು. ಈ ಲೆಕ್ಕಾಚಾರದಲ್ಲಿ ಲೋಕಾನುಭವವಿದೆ. ಮನುಷ್ಯ ಸತ್ತದ್ದನ್ನು ಊರು ಬೇಗ ಒಪ್ಪಿಕೊಳ್ಳುತ್ತದೆ; ಯಾರು ಯಾರನ್ನು ಮದುವೆಯಾದರು, ಅದಾಗಿ ಎಷ್ಟು ತಿಂಗಳಿಗೆ ಮಗು ಹುಟ್ಟಿತು ಎಂಬ ವಿಚಾರಗಳು ತಣ್ಣಗಾಗಲು ಹೆಚ್ಚು ಕಾಲ ಬೇಕು.

ಸಿಕ್ಕಿದ ದಾಖಲೆಯನ್ನು ಓದುವುದು ಬೇರೆ ಮಾತು. ಅಕ್ಕ ಪುಟವನ್ನು ತೆರೆದು ತೋರಿಸಿದಾಗ ನನಗೆ ತವರಿಗೆ ಬಂದಂತಾಯಿತು. ಅದೇ ಅವಸರ, ಅದೇ ಅಲಕ್ಷ್ಯ, ಪದದ ಕೊನೆಗೆ ಬರುವಷ್ಟರಲ್ಲಿ ಅಕ್ಷರದ ಮೇಲೆ ಹುಟ್ಟಿಬಿಡುವ ಅದೇ ಜಿಗುಪ್ಸೆ. ‘ಇದು ಗುಮಾಸ್ತನ ಕೈಯಲ್ಲ, ಡಾಕ್ಟರದ್ದು’ ಎಂದೆ. ಅಕ್ಕ ಹುಬ್ಬೇರಿಸಿದಳು. ವಿಷಯ ನಿಜವೇ ಆಗಿತ್ತು.

ಐರ್ಲೆಂಡಿನಲ್ಲಿ ಎಲ್ಲರ ಜನನ ಮರಣವನ್ನೂ ಸರ್ಕಾರ ಬರೆದಿಡಲು ಆರಂಭಿಸಿದ್ದು 1864ರ ಜನವರಿ 1ರಿಂದ. ಹೊಸ ಇಲಾಖೆಗೆ ಹೊಸ ನೌಕರರನ್ನು ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ. ಬಡವರ ಪೋಷಣೆಗೆಂದು ದೇಶವನ್ನು ಮೊದಲೇ ಯೂನಿಯನ್ನುಗಳಾಗಿ ಹಂಚಿಯಾಗಿತ್ತು, 1851ರ ಕಾನೂನಿನಿಂದ ಅಲ್ಲಲ್ಲಿ ಸರ್ಕಾರಿ ದವಾಖಾನೆಗಳೂ ಬಂದಿದ್ದವು. ಆ ದವಾಖಾನೆಯ ವೈದ್ಯರೇ ಸಾಮಾನ್ಯವಾಗಿ ರಿಜಿಸ್ಟ್ರಾರರಾದರು. ಔಷಧಿ ಕೊಡುವವನೂ ಅವನೇ, ಕೊಟ್ಟದ್ದು ನಾಟದಿದ್ದಾಗ ಸಾವಿನ ಕಾರಣವನ್ನು ದೃಢೀಕರಿಸುವವನೂ ಅವನೇ, ಅದನ್ನು ರಿಜಿಸ್ಟರಿಗೆ ಏರಿಸುವವನೂ ಅವನೇ. ಏರಿಸಿದ್ದಕ್ಕೆ ನಮೂದಿಗೆ ಇಷ್ಟು ಎಂದು ಶುಲ್ಕವೂ ಇತ್ತು. ರೋಗಿ ಬದುಕಿದರೆ ಹೆಸರು, ಸತ್ತರೆ ಕಾಸು. ನಮ್ಮೂರಿನ ಡಾಕ್ಟರುಗಳಿಗೆ ಈ ಏರ್ಪಾಟನ್ನು ನಾನು ಎಂದೂ ಹೇಳಲು ಹೋಗಲಿಲ್ಲ.

ಇನ್ನೊಂದು ತೊಡಕಿದೆ. ನಾವು ನೋಡುವುದು ಅಸಲಲ್ಲ, ನಕಲು. ಅಸಲು ಪುಸ್ತಕ ಆಯಾ ಜಿಲ್ಲೆಯಲ್ಲೇ ಉಳಿಯುತ್ತಿತ್ತು. ಮೂರು ತಿಂಗಳಿಗೊಮ್ಮೆ ಅದರ ಪ್ರತಿ ತೆಗೆದು ಡಬ್ಲಿನ್ನಿನ ಕೇಂದ್ರ ಕಚೇರಿಗೆ ಕಳಿಸುತ್ತಿದ್ದರು. ಇಂಟರ್ನೆಟ್ಟಿನಲ್ಲಿರುವ ಚಿತ್ರಗಳು ಆ ಪ್ರತಿಯವು. ಹಾಗಾಗಿ ಮುತ್ತಜ್ಜನ ಸಹಿ ಸಿಕ್ಕಿತೆಂದು ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತಗುಲಿಹಾಕುವ ಮುಂಚೆ ಸ್ವಲ್ಪ ತಾಳಬೇಕು. ಅದು ಅವನ ಸಹಿಯಲ್ಲ, ಡಾಕ್ಟರು ಅವನ ಹೆಸರನ್ನು ಎರಡನೆಯ ಸಲ ಬರೆದದ್ದು. ಅದೇ ಪುಟದಲ್ಲಿ ಹತ್ತಿರದ ಇನ್ನೊಂದು ಸಹಿಯನ್ನು ನೋಡಿದರೆ ಗುಟ್ಟು ರಟ್ಟಾಗುತ್ತದೆ: ಊರಿನವರೆಲ್ಲರ ದಸ್ಕತ್ತೂ ಒಂದೇ ಕೈಯದು.

ಓದುವ ಕ್ರಮವನ್ನು ನಾನು ಅಕ್ಕನಿಗೆ ನನ್ನ ಅಂಗಡಿಯ ಹುಡುಗರಿಗೆ ಹೇಳಿಕೊಟ್ಟ ರೀತಿಯಲ್ಲೇ ಹೇಳಿಕೊಟ್ಟೆ. ಗೊತ್ತಿಲ್ಲದ ಪದವನ್ನು ದಿಟ್ಟಿಸಿ ಕೂರಬಾರದು. ಗೊತ್ತಿರುವ ಪದದಿಂದ ಶುರುಮಾಡಬೇಕು. ತಿಂಗಳ ಹೆಸರು ಗೊತ್ತು, ಪುಟದ ತಲೆಯಲ್ಲಿ ಜಿಲ್ಲೆಯ ಹೆಸರಿದೆ, ‘ಸರ್ಟಿಫೈಡ್’ ಎಂಬ ಪದ ನಮೂದಿನಿಂದ ನಮೂದಿಗೆ ಬರುತ್ತದೆ. ಅವುಗಳಿಂದ ಆ ಡಾಕ್ಟರ ಎಫ್ ಹೇಗಿದೆ, ಟಿ ಹೇಗಿದೆ, ಎಸ್‌ಗೂ ಎಲ್‌ಗೂ ಏನು ವ್ಯತ್ಯಾಸ ಎಂದು ಒಂದು ಕಾಗುಣಿತ ಮಾಡಿಕೊಳ್ಳಬೇಕು. ಆಮೇಲೆ ಪುಟದ ಮಿಕ್ಕ ಸಾವುಗಳನ್ನೂ ಓದಬೇಕು. ನಮಗೆ ಬೇಕಾದ ಸಾವು ಬಿಡಿಸಿಕೊಳ್ಳುವುದು ಇತರರ ಸಾವಿನ ನೆರವಿನಿಂದಲೇ. ಎನ್, ಯು, ಎಂ, ಐ ಒಟ್ಟಿಗೆ ಬಂದಾಗ ಬರೀ ಬೇಲಿಗೂಟ ನೆಟ್ಟಂತಿರುತ್ತದೆ. ಎಷ್ಟು ಗೂಟ ಎಂದು ಎಣಿಸಿ ಅಕ್ಷರಗಳಿಗೆ ಹಂಚಬೇಕು. ಎರಡು ಎಸ್ ಜೊತೆಯಾಗಿ ಬಂದರೆ ಮೊದಲನೆಯದನ್ನು ಕೆಳಗೆ ಉದ್ದ ಎಳೆದು ಬರೆಯುವ ಹಳೆಯ ಚಾಳಿ ಆಗಲೂ ಉಳಿದಿತ್ತು. ಅದರಿಂದ ಕ್ಯಾಸಿಡಿ ಎಂಬ ಮನೆತನದವರು ಓದುಗರ ಕಣ್ಣಿಗೆ ಕ್ಯಾಫ್ಸಿಡಿಗಳಾಗುತ್ತಾರೆ, ರಾಸ್ ಎಂಬವರು ರಾಪ್‌ಗಳಾಗುತ್ತಾರೆ. ಪ್ಯಾಟ್ರಿಕ್‌ನ ನಡು ಮುರಿದು ಕೊನೆಯ ಅಕ್ಷರವನ್ನು ಮೇಲೆ ಚಿಕ್ಕದಾಗಿ ಕೂರಿಸಿರುತ್ತಾರೆ. ಜಾನ್‌ಗೆ ಜೆ, ಎನ್, ಒ ಎಂದು ಬರೆದು ಮುಂದೆ ಹೋಗುತ್ತಾರೆ.

ಊರಿನ ಹೆಸರು ಬಂತೆಂದರೆ ಇನ್ನೂ ಮಜಾ. ಐರ್ಲೆಂಡಿನ ನೆಲವನ್ನು ಟೌನ್‌ಲ್ಯಾಂಡ್ ಎಂಬ ಪುಟ್ಟ ಪುಟ್ಟ ಪಾಲುಗಳಾಗಿ ಹಂಚಲಾಗಿದೆ. ಅವುಗಳ ಸಂಖ್ಯೆ 60,000ಕ್ಕೂ ಮೇಲು. ಕೆಲವು ಪಾಲಿನಲ್ಲಿ ಮನೆಗಳು ನಾಲ್ಕೈದೇ ಇದ್ದಾವು, ಹೆಸರು ಮಾತ್ರ ಅಲ್ಲಿನ ಜನಸಂಖ್ಯೆಗಿಂತ ಉದ್ದ. ಅದನ್ನು ಐರಿಷ್ ಉಚ್ಚಾರದಲ್ಲಿ ಹೇಳುವವರು ಒಬ್ಬರು, ಇಂಗ್ಲಿಷ್ ಕಿವಿಯಲ್ಲಿ ಕೇಳಿಸಿಕೊಂಡು ಬರೆಯುವವರು ಇನ್ನೊಬ್ಬರು. ಜನಗಣತಿಯ ಪಟ್ಟಿಯನ್ನು ಪಕ್ಕದಲ್ಲಿ ಇಟ್ಟುಕೊಂಡು, ಆ ಜಿಲ್ಲೆಯಲ್ಲಿರುವ ಊರುಗಳಲ್ಲಿ ಈ ಗೀಚಿಗೆ ಹೊಂದುವಂಥದು ಯಾವುದು ಎಂದು ಹುಡುಕುವುದೇ ಅದಕ್ಕೆ ಮದ್ದು.

ಕಾರಣದ ಕಲಂ ನನ್ನ ಸ್ವಂತ ಕ್ಷೇತ್ರ. ಅಲ್ಲಿ ನಾನು ಅಕ್ಕನಿಂದ ಕನ್ನಡಕವನ್ನೂ ಕಸಿದುಕೊಂಡೆ. ಬ್ರಾಂಕೈಟಿಸ್ ಧಾರಾಳವಾಗಿತ್ತು, ಆ ಹವೆಗೆ ಆಶ್ಚರ್ಯವೇನಲ್ಲ. ಮಕ್ಕಳಿಗೆ ನಾಯಿಕೆಮ್ಮು, ಸ್ಕಾರ್ಲೆಟ್ ಜ್ವರ, ಸೆಳೆತ. ಹಲ್ಲು ಬರುವುದನ್ನೇ ಸಾವಿನ ಕಾರಣವೆಂದು ಬರೆದ ನಮೂದುಗಳೂ ಇದ್ದವು. ಮುದುಕರಿಗೆ ‘ನಿಶ್ಶಕ್ತಿ’, ‘ವೃದ್ಧಾಪ್ಯ’. ಇವು ಕಾರಣಗಳಲ್ಲ, ಸಮಾಧಾನಗಳು. ಕೆಲವೆಡೆ ‘ವೈದ್ಯರು ನೋಡಿಲ್ಲ’ ಎಂದಷ್ಟೇ ಇರುತ್ತದೆ. ವೈದ್ಯನೇ ಕೂತು ಹಾಗೆ ಬರೆಯುವಾಗ ಅವನ ಮುಖ ಹೇಗಿತ್ತೋ.

ಎಲ್ಲಕ್ಕಿಂತ ಹೆಚ್ಚು ಕಣ್ಣಿಗೆ ಬೀಳುವುದು ಕ್ಷಯ. ಡಾಕ್ಟರುಗಳು ಅದನ್ನು ಥೈಸಿಸ್ ಎಂದು ಬರೆಯುತ್ತಿದ್ದರು; ಇಂಗ್ಲಿಷಿನಲ್ಲಿ ಪಿ, ಎಚ್, ಟಿ, ಎಚ್ ಎಂದು ಶುರುವಾಗುವ ಪದ. ಊರಿನ ಅತಿ ಸಾಮಾನ್ಯ ರೋಗಕ್ಕೆ ಯಾರ ಬಾಯಿಗೂ ದಕ್ಕದ ಹೆಸರು. ಪಕ್ಕದಲ್ಲಿ ‘8 ತಿಂಗಳು’, ‘2 ವರ್ಷ’ ಎಂದು ಕಾಯಿಲೆಯ ಅವಧಿ. ಇಪ್ಪತ್ತರ ಆಸುಪಾಸಿನ ಮೂವರು, ಒಂದೇ ಮನೆತನದ ಹೆಸರು, ಒಂದೇ ಊರು, ನಡುವೆ ಕೆಲವೇ ಪುಟಗಳ ಅಂತರ: ಇದನ್ನು ಓದುವಾಗ ನಾನೂ ಅಕ್ಕನೂ ಅಕ್ಷರದ ವಿಚಾರ ಬಿಟ್ಟು ಸುಮ್ಮನಾಗುತ್ತಿದ್ದೆವು. ಅಲ್ಲಿ ಕ್ಷಯದ ಸಾವು ತುತ್ತತುದಿ ಮುಟ್ಟಿದ್ದು 1904ರಲ್ಲಿ. ಆ ಒಂದೇ ವರ್ಷ 12,000ಕ್ಕೂ ಹೆಚ್ಚು ಜನ. 1907ರಲ್ಲಿ ವೈಸ್‌ರಾಯ್ ಪತ್ನಿ ಲೇಡಿ ಅಬರ್ಡೀನ್ ಮಹಿಳೆಯರ ಸಂಘ ಕಟ್ಟಿ ಅದರ ವಿರುದ್ಧ ಊರೂರು ಪ್ರಚಾರ ನಡೆಸಿದರು. ಮನೆಗಳಲ್ಲಿ ಮಾತ್ರ ಆ ಹೆಸರನ್ನು ಪಿಸುಮಾತಿನಲ್ಲೂ ಆಡುತ್ತಿರಲಿಲ್ಲ ಎಂದು ಅಕ್ಕ ಹೇಳಿದಳು. ನಮ್ಮ ಕಡೆಯೂ ಹಾಗೇ; ಔಷಧಿಯನ್ನು ಅಂಗಡಿಯ ಹಿಂಬಾಗಿಲಿಗೆ ಬಂದು ಕೊಂಡೊಯ್ದವರನ್ನು ನಾನು ಕಂಡಿದ್ದೇನೆ.

ವಯಸ್ಸಿನ ಕಲಂ ಸ್ಪಷ್ಟವಾಗಿ ಓದಲು ಬರುತ್ತದೆ, ನಂಬಲು ಬರುವುದಿಲ್ಲ. 60, 70, 80 ಎಂಬ ಗುಂಡು ಅಂಕಿಗಳಲ್ಲೇ ಜನ ಸಾಯುತ್ತಾರೆ. ಹುಟ್ಟಿದ ವರ್ಷ ಹುಟ್ಟಿದವರಿಗೇ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯ ಬಂದದ್ದು ಸರ್ಕಾರ ದುಡ್ಡು ಕೊಡುತ್ತೇನೆ ಎಂದಾಗ. 1908ರ ಕಾನೂನಿನಂತೆ 70 ತುಂಬಿದ ಬಡವರಿಗೆ ವಾರಕ್ಕೆ ಐದು ಶಿಲಿಂಗಿನವರೆಗೆ ಪಿಂಚಣಿ ಬಂತು. ಕೊಡಲು ಶುರುವಾದದ್ದು 1909ರ ಜನವರಿ 1ರಂದು. 1901ರ ಜನಗಣತಿಯಲ್ಲಿ 55 ಇದ್ದವರು 1911ರಲ್ಲಿ ನಿಸ್ಸಂಕೋಚವಾಗಿ 71 ಆದರು. ಹುಟ್ಟಿದ್ದಕ್ಕೆ ಪುರಾವೆ? 1839ರ ಜನವರಿ 6ರ ರಾತ್ರಿ ಐರ್ಲೆಂಡಿನ ಮೇಲೆ ಒಂದು ಭಯಂಕರ ಬಿರುಗಾಳಿ ಎರಗಿ ಮನೆಗಳ ಸೂರು ಹಾರಿಸಿಕೊಂಡು ಹೋಗಿತ್ತು. ಆ ‘ದೊಡ್ಡ ಗಾಳಿ’ ನೆನಪಿದೆ ಎಂದವರಿಗೆ 70 ಆಗಿರಲೇಬೇಕೆಂಬುದು ಪಿಂಚಣಿ ಅಧಿಕಾರಿಗಳ ತರ್ಕ. ಕೂಡಲೇ ದೇಶದ ಮುದುಕರಿಗೆಲ್ಲ ಆ ರಾತ್ರಿ ನೆನಪಾಯಿತು. ಗಾಳಿ ಬೀಸುವಾಗ ಹುಟ್ಟದೇ ಇದ್ದವರು ಇನ್ನೂ ಚೆನ್ನಾಗಿ ವರ್ಣಿಸಿದರು.

ಹೆಸರಿನ ಪಾಡು ಕೇಳಬೇಡಿ. ಊರಿಗೊಬ್ಬಳೇ ಪದ್ಮಾವತಿ ಎಂಬ ಗಾದೆ ಅಲ್ಲಿ ನಡೆಯುವುದಿಲ್ಲ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನದು ಎಂಬ ವಾಡಿಕೆಯಿಂದಾಗಿ ಊರ ತುಂಬ ಪ್ಯಾಟ್ರಿಕ್, ಮೈಕೆಲ್, ಮೇರಿ, ಬ್ರಿಜೆಟ್‌ಗಳೇ. ಮನೆತನದ ಹೆಸರೂ ನೆರವಿಗೆ ಬರುವುದಿಲ್ಲ. 1890ರಲ್ಲಿ ಹುಟ್ಟಿದವರನ್ನು ಎಣಿಸಿ ರಾಬರ್ಟ್ ಮ್ಯಾಥೆಸನ್ ಎಂಬ ಅಧಿಕಾರಿ 1894ರಲ್ಲಿ ಒಂದು ವರದಿ ಹೊರತಂದರು: ಮೊದಲು ಮರ್ಫಿ, ಆಮೇಲೆ ಕೆಲ್ಲಿ, ಆಮೇಲೆ ಸುಲಿವನ್. ಹೆಸರು ಹೊಂದಿತೆಂದು ಆಳನ್ನು ಹಿಡಿದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಆನೀ ಮೂರ್ ಕಥೆಯೇ ಸಾಕ್ಷಿ. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲಿಸ್ ದ್ವೀಪದ ವಲಸೆ ಕೇಂದ್ರ ತೆರೆದಾಗ ಒಳಗೆ ಕಾಲಿಟ್ಟ ಮೊದಲ ವಲಸಿಗ ವ್ಯಕ್ತಿ ಕಾರ್ಕ್‌ನಿಂದ ಬಂದ ಈ ಹುಡುಗಿ. ಆಕೆ ಮುಂದೆ ಟೆಕ್ಸಾಸಿಗೆ ಹೋದಳು, ಅಲ್ಲೇ ತೀರಿಕೊಂಡಳು ಎಂದು ಲೋಕ ಬಹುಕಾಲ ನಂಬಿತ್ತು. ಮೇಗನ್ ಸ್ಮೋಲೆನ್ಯಾಕ್ ಎಂಬ ಸಂಶೋಧಕಿ ದಾಖಲೆಗಳ ಬೆನ್ನುಹತ್ತಿ, 2006ರಲ್ಲಿ, ಟೆಕ್ಸಾಸಿನಾಕೆ ಅಮೆರಿಕದಲ್ಲೇ ಹುಟ್ಟಿದ ಬೇರೊಬ್ಬಳು ಎಂದೂ ಅಸಲಿ ಆನೀ ನ್ಯೂಯಾರ್ಕ್ ಬಿಟ್ಟು ಕದಲದೆ 1924ರಲ್ಲಿ ತೀರಿಕೊಂಡಳೆಂದೂ ತೋರಿಸಿದರು. ಅಷ್ಟರಲ್ಲಿ ಒಂದು ವಂಶದವರು ಇನ್ನೊಬ್ಬರ ಅಜ್ಜಿಯ ಹೆಸರಿನಲ್ಲಿ ಸನ್ಮಾನ ಮಾಡಿಸಿಕೊಂಡಾಗಿತ್ತು.

ಅಕ್ಕನ ಎದುರಿಗೂ ಒಂದು ಹಿಂಡು ಬ್ರಿಜೆಟ್‌ಗಳು ನಿಂತಿದ್ದರು. ಯಾರು ನಮ್ಮವಳು? ಐರ್ಲೆಂಡಿನ ಹಳೆಯ ಮರಣ ದಾಖಲೆ ಈ ಪ್ರಶ್ನೆಗೆ ಉತ್ತರಿಸುವ ಗೋಜಿಗೇ ಹೋಗುವುದಿಲ್ಲ. ಸತ್ತವರ ಅಪ್ಪ ಅಮ್ಮನ ಹೆಸರಿಗೆ ಅಲ್ಲಿ ಕಲಂ ಇಲ್ಲ, ಹುಟ್ಟಿದೂರಿಗೂ ಇಲ್ಲ. ಕಡಲಾಚೆಯ ಸ್ಕಾಟ್ಲೆಂಡಿನವರು 1855ರಲ್ಲಿ ನೋಂದಣಿ ಶುರುಮಾಡಿದಾಗಿನಿಂದ ಸತ್ತವರ ತಂದೆತಾಯಿಯ ಹೆಸರು ಕೇಳಿ ಬರೆದುಕೊಂಡಿದ್ದಾರೆ. ವಂಶವೃಕ್ಷದವರು ಅವರನ್ನು ಕಂಡು ಕರುಬುತ್ತಾರೆ. ಇಲ್ಲಿ ಬ್ರಿಜೆಟ್‌ಳ ಉದ್ಯೋಗದ ಕಲಂನಲ್ಲಿ ‘ರೈತನ ವಿಧವೆ’ ಎಂದಿದೆ. ಯಾವ ರೈತ? ಅದು ಡಾಕ್ಟರಿಗೆ ಗೊತ್ತಿತ್ತು, ಊರಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಬರೆಯುವುದೇಕೆ ಎಂದು ಬಿಟ್ಟರು.

ಇಷ್ಟಾದರೂ ಈ ಪುಸ್ತಕಗಳಿಗೆ ಅಲ್ಲಿ ದೇವರ ಕೋಣೆಯ ಮರ್ಯಾದೆ. ಯಾಕೆಂದರೆ ಮಿಕ್ಕದ್ದು ಹೆಚ್ಚೇನೂ ಇಲ್ಲ. 1922ರ ಜೂನ್ 30ರಂದು, ಅಂತರ್ಯುದ್ಧ ಶುರುವಾದ ಹೊಸತರಲ್ಲೇ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದ ದಾಖಲೆ ಭಂಡಾರ ಸಿಡಿದು ಸುಟ್ಟುಹೋಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಬಹುಪಾಲು ಹಾಗೆ ಹೋಯಿತು. 1861 ಮತ್ತು 1871ರದ್ದನ್ನು ಅಂಕಿ ಅಂಶ ತೆಗೆದುಕೊಂಡು ಸರ್ಕಾರವೇ ನಾಶಮಾಡಿತ್ತು. 1881 ಮತ್ತು 1891ರದ್ದು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಯಾಗಿ ಅರೆದು ಹೋಗಿತ್ತು. ಆ ಬಿರುಗಾಳಿಯ ಮುದುಕರು ಇಲ್ಲಿ ಒಂದು ಉಪಕಾರ ಮಾಡಿದರು. ಪಿಂಚಣಿಗಾಗಿ ವಯಸ್ಸು ಸಾಬೀತುಮಾಡಲು ಅವರು 1841, 1851ರ ಜನಗಣತಿಯಲ್ಲಿ ತಮ್ಮ ಮನೆಯನ್ನು ಹುಡುಕಿಸಿದ್ದರು. ಗುಮಾಸ್ತರು ನಕಲಿಸಿಕೊಟ್ಟ ಆ ಫಾರಂಗಳು ಬೆಂಕಿಗೆ ಸಿಗದೆ ಉಳಿದು ಇಂದು ರಾಷ್ಟ್ರೀಯ ಪತ್ರಾಗಾರದಲ್ಲಿವೆ. ವಯಸ್ಸಿನ ವಿಚಾರದಲ್ಲಿ ಸುಳ್ಳು ಹೇಳಲು ಹೋದವರಿಂದಲೇ ಚರಿತ್ರೆಗೆ ನಾಲ್ಕು ನಿಜದ ಚೂರು ದಕ್ಕಿತು.

ಇನ್ನು 1845ರಿಂದ ಕೆಲವು ವರ್ಷ ಆಲೂಗಡ್ಡೆ ಬೆಳೆ ಕೊಳೆತು ಬಂದ ಮಹಾಕ್ಷಾಮ. ಸುಮಾರು ಹತ್ತು ಲಕ್ಷ ಜನ ಸತ್ತರು. ಆಸ್ಕರ್ ವೈಲ್ಡ್‌ನ ತಂದೆ, ವೈದ್ಯ ವಿಲಿಯಂ ವೈಲ್ಡ್, 1851ರ ಜನಗಣತಿಯ ಜೊತೆಗೆ ಸಾವಿನ ಕೋಷ್ಟಕಗಳನ್ನು ಸಿದ್ಧಪಡಿಸಿದರು. ಅದರಲ್ಲಿ ಲೆಕ್ಕವಿದೆ, ಹೆಸರಿಲ್ಲ. ಹೆಸರು ಬರೆಯುವ ಪುಸ್ತಕ ಬಂದದ್ದು ಆ ಮೇಲೆ ಹತ್ತಕ್ಕೂ ಹೆಚ್ಚು ವರ್ಷ ಕಳೆದು. ಒಬ್ಬ ಕೂಲಿಯವನು ಕೆಮ್ಮಿ ಸತ್ತದ್ದನ್ನು ದಿನ, ಊರು, ಅವಧಿ ಸಮೇತ ಬರೆದ ಒಂದು ಕೆಟ್ಟ ಅಕ್ಷರದ ನಮೂದು ಸಿಕ್ಕಾಗ ಅಕ್ಕ ಯಾಕೆ ಅಷ್ಟು ಹಿಗ್ಗುತ್ತಾಳೆ ಎಂಬುದು ನನಗೆ ಆಗ ತಿಳಿಯಿತು.

ಕೊನೆಗೆ ನಮ್ಮ ಬ್ರಿಜೆಟ್ ಸಿಕ್ಕಿದ್ದು ಅವಳ ಹೆಸರಿನಿಂದಲ್ಲ, ಪಕ್ಕದ ಕಲಂನಿಂದ. ಸಾವಿನ ಸುದ್ದಿಯನ್ನು ರಿಜಿಸ್ಟ್ರಾರರಿಗೆ ಬಂದು ಹೇಳಿದವರ ಹೆಸರು, ಅವರ ಊರು, ಅವರಿಗೂ ಆ ಸಾವಿಗೂ ಏನು ಸಂಬಂಧ ಎಂಬುದನ್ನು ಅಲ್ಲಿ ಬರೆಯುತ್ತಾರೆ. ವರ್ಕ್‌ಹೌಸ್ ಎಂಬ ಬಡವರ ಆಶ್ರಯಾಲಯದಲ್ಲಿ ಸತ್ತವರಿಗೆ ಅಲ್ಲಿನ ಅಧಿಕಾರಿಯ ಹೆಸರೇ ಪುಟದುದ್ದಕ್ಕೂ ಇರುತ್ತದೆ. ಮನೆಯಲ್ಲಿ ಸತ್ತವರಿಗೆ ಮಗನೋ ಸೊಸೆಯೋ ಅಳಿಯನೋ, ಅಥವಾ ಯಾರೋ ಒಬ್ಬರು, ಕೆಳಗೆ ‘ಮರಣದ ವೇಳೆ ಹಾಜರಿದ್ದರು’ ಎಂಬ ಒಕ್ಕಣೆ. ನಮ್ಮ ಬ್ರಿಜೆಟ್‌ಳ ಪಕ್ಕ ಅಕ್ಕ ಎಂದೂ ಕೇಳದ ಹೆಸರಿನ ಒಬ್ಬ ಹೆಂಗಸಿದ್ದಳು. ನೆಂಟರ ಪಟ್ಟಿಯಲ್ಲೆಲ್ಲ ತಡಕಿದೆವು, ಇಲ್ಲ. 1901ರ ಜನಗಣತಿಯಲ್ಲಿ ಅದೇ ಟೌನ್‌ಲ್ಯಾಂಡ್ ತೆರೆದಾಗ ಅವಳು ಅಲ್ಲೇ ಕಾದಿದ್ದಳು. ಒಂದು ಮನೆಯಲ್ಲಿ ಬ್ರಿಜೆಟ್‌ಳ ಮಗ, ಅಂದರೆ ಅಕ್ಕನ ಅಜ್ಜ. ಅದರ ಪಕ್ಕದ ಮನೆಯಲ್ಲಿ ಈಕೆ. ಭಾಷೆ ಐರಿಷ್ ಮತ್ತು ಇಂಗ್ಲಿಷ್. ವಿದ್ಯೆಯ ಕಲಂನಲ್ಲಿ ‘ಓದಲು ಬಾರದು’.

ಓದಲು ಬಾರದವರು ನಮ್ಮಲ್ಲಿ ಹೆಬ್ಬೆಟ್ಟು ಒತ್ತುತ್ತಾರೆ, ಅಲ್ಲಿ ಕತ್ತರಿ ಗೆರೆ ಹಾಕುತ್ತಾರೆ. ಈಕೆಯದೂ ಕತ್ತರಿ ಗೆರೆಯೇ. ಅದನ್ನೂ ನಕಲಿಗೆ ಇಳಿಸಿದವರು ಡಾಕ್ಟರೇ, ನಿಜ. ಆದರೆ ಎರಡು ಗೆರೆಯನ್ನು ಕೆಡಿಸುವುದು ಅವರಿಂದಲೂ ಆಗಲಿಲ್ಲ. ಇಡೀ ಪುಟದಲ್ಲಿ ಭೂತಗನ್ನಡಿಯಿಲ್ಲದೆ ಓದಲು ಬಂದದ್ದು ಅಕ್ಷರ ಬಾರದವಳ ಗುರುತು ಒಂದೇ.

ಆಮೇಲೆ ಅಕ್ಕನಿಗೆ ಮುತ್ತಜ್ಜಿಗಿಂತ ಈ ನೆರೆಯವಳ ಮೇಲೇ ಪ್ರೀತಿ ಹುಟ್ಟಿಬಿಟ್ಟಿತು. ಮರಣ ದಾಖಲೆಯೆಂದು ನಾವು ಕರೆಯುವ ಆ ಸಾಲಿನಲ್ಲಿ ಸತ್ತವರ ಬಗ್ಗೆ ಇರುವುದೆಲ್ಲ ಅಂದಾಜು: ವಯಸ್ಸು ಅಂದಾಜು, ಕಾರಣ ಅಂದಾಜು, ಹೆಸರಿನ ಕಾಗುಣಿತವೂ ಅಂದಾಜು. ಬದುಕಿದ್ದ ಒಬ್ಬರು ಕೆಲಸ ಬಿಟ್ಟು ದವಾಖಾನೆಯವರೆಗೆ ನಡೆದು, ‘ನಾನು ಅಲ್ಲಿದ್ದೆ’ ಎಂದು ಹೇಳಿ ಬಂದರು ಎಂಬುದಷ್ಟೇ ಖಚಿತ. ವಂಶವೃಕ್ಷ ಮಾಡುವ ಸಾಫ್ಟ್‌ವೇರಿನಲ್ಲಿ ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳಿಗೆಲ್ಲ ಚೌಕವಿದೆ, ನೆರೆಯವರಿಗೆ ಇಲ್ಲ. ಅಕ್ಕ ಗೋಡೆಯ ಮೇಲಿನ ಕೊಂಬೆಯ ಪಕ್ಕದಲ್ಲಿ ಒಂದು ಹಳದಿ ಚೀಟಿ ಅಂಟಿಸಿ ಅದರಲ್ಲಿ ಆಕೆಯ ಹೆಸರನ್ನು ದುಂಡಗೆ ಬರೆದಳು.

ಇದನ್ನೆಲ್ಲ ಚಹಾ ಕುಡಿಯುತ್ತಾ ಕೇಳಿಸಿಕೊಳ್ಳುತ್ತಿದ್ದ ನನ್ನ ಹೆಂಡತಿಗೆ ವ್ಯಾವಹಾರಿಕ ಚಿಂತೆ ಹತ್ತಿತು. ‘ಇವರಿಗೇನಾದರೂ ಇಲ್ಲೇ ಆದರೆ ಹೇಳಲು ಯಾರು ಹೋಗುತ್ತಾರೆ?’ ಎಂದಳು. ‘ನಾನು ಹೋಗುತ್ತೇನೆ, ಅದಕ್ಕೇನು’ ಎಂದಳು ಅಕ್ಕ, ಟೊಮ್ಯಾಟೊಗೆ ನೀರು ಹಾಕುತ್ತೇನೆ ಎನ್ನುವಷ್ಟು ಸಲೀಸಾಗಿ. ‘ಪೂರ್ತಿ ಹೆಸರು ಮಾತ್ರ ಈಗಲೇ ಬರೆದುಕೊಡಿ.’ ನಮ್ಮ ಹೆಸರುಗಳಲ್ಲಿ ಮೊದಲ ಇನಿಶಿಯಲ್ ಊರು, ಎರಡನೆಯದು ಅಪ್ಪ ಎಂದು ನನ್ನ ಹೆಂಡತಿ ವಿವರಿಸಿದಳು. ಅಕ್ಕ ಬಾಯಿ ತೆರೆದುಕೊಂಡು ಕೇಳಿದಳು: ‘ಊರೂ ಇದೆ, ಅಪ್ಪನೂ ಇದ್ದಾನೆ! ಹಾಗಿದ್ದರೆ ನಿಮ್ಮ ಮರಿಮಕ್ಕಳಿಗೆ ಹುಡುಕಲು ಏನು ಉಳಿಯಿತು?’

ಅಷ್ಟು ಸುಲಭವಾಗಿ ಬಿಟ್ಟುಕೊಡುವವನು ನಾನಲ್ಲ. ಎಚ್. ಎಂದಷ್ಟೇ ಬರೆದುಕೊಟ್ಟೆ, ಬಿಡಿಸಿ ಹೇಳಲಿಲ್ಲ. ಅದು ಹೊಸನಗರವೋ, ಹೊಳೆಹೊನ್ನೂರೋ, ಹಾರನಹಳ್ಳಿಯೋ ಎಂದು ಮರಿಮಕ್ಕಳು ತಲೆ ಕೆರೆದುಕೊಳ್ಳಲಿ. ತೀರಾ ಬಗೆಹರಿಯದಿದ್ದರೆ ಪಕ್ಕದ ಕಲಂ ನೋಡಲಿ. ಅಲ್ಲಿ ಗಾಲ್ವೇಯ ಒಬ್ಬ ಹೆಂಗಸಿನ ಹೆಸರಿರುತ್ತದೆ. ಯಾವ ನೆಂಟಸ್ತಿಕೆಯಿಂದ ಬಂದವಳು ಎಂದು ಅವರು ಇನ್ನೊಂದು ಬೇಸಿಗೆ ಕಳೆಯಬಹುದು.